ಅಡಿಕೆ ಚೊಗರಿನ ಬಣ್ಣದಲ್ಲಿ ಅಪಾಯ ಎಲ್ಲಿದೆ?

ಪ್ರಶ್ನೆ: ನಾವು ಕೊಪ್ಪದ ಸಮೀಪದವರು. ಅಡಿಕೆ ಚೊಗರಿನಿಂದ ಹತ್ತಿ ಸೀರೆಗಳಿಗೆ ಮನೆಯಲ್ಲೇ ಬಣ್ಣ ಹಾಕುತ್ತೇವೆ. ನೈಸರ್ಗಿಕ ಬಣ್ಣವಾದ್ದರಿಂದ ಅಡುಗೆಯ ಪಾತ್ರೆಗಳನ್ನೇ ಬಳಸಬಹುದೇ?

ಉತ್ತರ: ಬಳಸಬಾರದು. ಆದರೆ ಅದಕ್ಕೆ ಕಾರಣ ಚೊಗರಲ್ಲ. ಅಡಿಕೆ ಬೇಯಿಸಿದಾಗ ನೀರಿಗಿಳಿಯುವ ಈ ಕೆಂಪು ರಸದಲ್ಲಿ ಬಣ್ಣ ಕೊಡುವುದು ಟ್ಯಾನಿನ್. ಕೈಗೆ ಹಿಡಿದ ಕಲೆ ಬೇಗ ಬಿಡುವುದಿಲ್ಲ ಎಂಬುದನ್ನು ಬಿಟ್ಟರೆ ಬಣ್ಣ ಹಾಕುವವರಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಚಿಂತಿಸಬೇಕಾದದ್ದು ಆ ಬಣ್ಣ ಬಟ್ಟೆಯಲ್ಲಿ ನಿಲ್ಲಲೆಂದು ಜೊತೆಗೆ ಹಾಕುವ ಲವಣಗಳ ಬಗ್ಗೆ.

ಇವೆಲ್ಲವೂ ಒಂದೇ ತೆರನಲ್ಲ. 100 ಗ್ರಾಂ ಬಟ್ಟೆಗೆ 10ರಿಂದ 15 ಗ್ರಾಂ ಹಾಕುವ ಪಟಿಕ ಇವುಗಳಲ್ಲಿ ಸೌಮ್ಯವಾದದ್ದು. ಚೊಗರನ್ನು ಬೂದುಗಪ್ಪಿಗೆ ತಿರುಗಿಸುವ ಅನ್ನಭೇದಿ ಕಬ್ಬಿಣದ ಲವಣ. ಅಷ್ಟೇ ಬಟ್ಟೆಗೆ 2ರಿಂದ 4 ಗ್ರಾಂ ಸಾಕಾದರೂ ಅದನ್ನು ನುಂಗಿದ ಚಿಕ್ಕ ಮಕ್ಕಳ ಜೀವಕ್ಕೇ ಕುತ್ತು ಬರಬಹುದು. ತಾಮ್ರದ ಲವಣವಾದ ಮೈಲುತುತ್ತವನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನಲ್ಲಿ ಕುಡಿಯುವ ನೀರು ತುಂಬಲು ತೋಟದಲ್ಲಿ ಯಾರೂ ಒಪ್ಪುವುದಿಲ್ಲ. ಅದೇ ಲವಣ ಸೀರೆಯ ನೆಪದಲ್ಲಿ ಮನೆಯೊಳಗೆ ಬಂದಾಗ ಮಾತ್ರ ಸಾರಿನ ಪಾತ್ರೆಗೆ ಹೇಗೆ ಇಳಿಯುತ್ತದೆಯೋ ನನಗೆ ತಿಳಿಯದು. ಅದು ಹೊಟ್ಟೆಗೆ ಹೋದರೆ ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ, ಕಣ್ಣಿಗೆ ಬಿದ್ದರೆ ಗಾಯವಾಗುತ್ತದೆ.

ಇನ್ನು ಕಿತ್ತಳೆ ಬಣ್ಣದ ಹರಳಾಗಿ ಸಿಗುವ ಪೊಟ್ಯಾಸಿಯಂ ಡೈಕ್ರೋಮೇಟ್. ಇದನ್ನು ಮನೆಗೆ ತರಲೇಬೇಡಿ. ಇದರಲ್ಲಿರುವ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದೆಂದು ಖಚಿತವಾಗಿದೆ. ಚರ್ಮದ ಮೇಲೆ ಹುಣ್ಣನ್ನೂ, ಒಮ್ಮೆ ಬಂದರೆ ಬಿಡದ ಅಲರ್ಜಿಯನ್ನೂ ತರಬಲ್ಲದು. ಬಣ್ಣ ಎಷ್ಟೇ ಗಟ್ಟಿಯಾಗಿ ನಿಲ್ಲಲಿ, ಒಂದು ಸೀರೆಗಾಗಿ ಈ ಬೆಲೆ ತೆರಬೇಕಾಗಿಲ್ಲ.

ಲವಣ ಹೆಚ್ಚು ತೊಂದರೆ ಕೊಡುವುದು ನೀರಿಗೆ ಬೀಳುವ ಮೊದಲು, ಒಣ ಪುಡಿಯಾಗಿರುವಾಗ. ತೂಗುವ ಮುನ್ನ ಫ್ಯಾನ್ ನಿಲ್ಲಿಸಿ, ತಕ್ಕಡಿಯ ಕೆಳಗೆ ಒದ್ದೆ ಮಾಡಿದ ಪತ್ರಿಕೆಯ ಹಾಳೆ ಹಾಸಿ. ಗಾಳಿಯಲ್ಲಿ ಕಾಣದ ಮೈಲುತುತ್ತದ ಕಣಗಳು ಹಾಳೆಯ ಮೇಲೆ ನೀಲಿ ಚುಕ್ಕೆಗಳಾಗಿ ಮೂಡುವುದನ್ನು ಒಮ್ಮೆ ನೋಡಿದರೆ, ಆ ಪುಡಿ ಪಕ್ಕದಲ್ಲಿರುವ ಉಪ್ಪಿನ ಭರಣಿಯವರೆಗೂ ಹೋಗಬಲ್ಲದು ಎಂಬುದು ಮನದಟ್ಟಾಗುತ್ತದೆ. ಎನ್95 ಮುಖಗವಸು, ರಬ್ಬರ್ ಕೈಗವಸು ಇರಲಿ. ಸೆರಗು ಮುಚ್ಚಿಕೊಂಡರೆ ನುಣ್ಣನೆಯ ಪುಡಿಯನ್ನು ಅದು ತಡೆಯುವುದಿಲ್ಲ. ಮಳೆಗಾಲವೆಂದು ಕಿಟಕಿ ಮುಚ್ಚಿ ಅಡುಗೆಮನೆಯಲ್ಲಿ ಕುದಿಸುವ ಬದಲು ಮಾಡಿನ ಕೆಳಗೆ, ಗಾಳಿಯಾಡುವ ಜಗುಲಿಯಲ್ಲಿ ಒಲೆ ಹೂಡಿ.

ಪಾತ್ರೆ, ಸೌಟು, ಅಳತೆಯ ಲೋಟಗಳು ಈ ಕೆಲಸಕ್ಕೇ ಮೀಸಲಾಗಿರಲಿ, ಬಣ್ಣ ಬಳಿದು ಗುರುತು ಮಾಡಿಡಿ. ಉಳಿದ ಮೈಲುತುತ್ತದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ, ಸ್ವಲ್ಪ ತಾಮ್ರವೂ ಮೀನುಗಳಿಗೆ ವಿಷ. ಅದನ್ನು ಮುಚ್ಚಿಟ್ಟು, ಕಡಿಮೆಯಾದಷ್ಟೇ ಲವಣ ಸೇರಿಸಿ, ಮುಂದಿನ ಸೀರೆಗೆ ಬಳಸಿ.