ದಪ್ಪ ಕೈ, ಸೋತ ತೊಡೆ

ಉಡುಪಿಯಲ್ಲಿ ನೆಂಟರ ಮನೆಯ ಉಪನಯನ. ಪಂಕ್ತಿ ಊಟ ಮುಗಿದು ಎಲ್ಲರೂ ಎದ್ದರು, ನಮ್ಮ ಸಣ್ಣ ಮಾವ ಮಾತ್ರ ಏಳಲಿಲ್ಲ. ಎಡಗೈ ನೆಲಕ್ಕೂರಿ ಮೊಣಕಾಲ ಮೇಲೆ ಬಂದು, ಆಮೇಲೆ ಕಂಬ ಹಿಡಿದು ಎದ್ದರು. ವಯಸ್ಸು 45, ಪೈಲ್ವಾನನಂಥ ಮೈಕಟ್ಟು.

"ಎಂತ ಮಾವ, ಏಳ್ಲಿಕ್ಕೆ ಆಗುದಿಲ್ವಾ?"

"ತೊಡೆಯಲ್ಲಿ ಬಲವೇ ಇಲ್ಲ ಮಾರಾಯ."

ಮದುವೆಯ ಉಂಗುರವನ್ನು ಅವರು ಆಗಲೇ ಎರಡು ಸಲ ದೊಡ್ಡದು ಮಾಡಿಸಿದ್ದರು. ಚಪ್ಪಲಿಯ ನಂಬರ್ 8ರಿಂದ 10ಕ್ಕೆ ಏರಿತ್ತು. ಜಾಸ್ತಿ ಬೆವರು, ಗೊರಕೆ ಬೇರೆ. ಇದೊಂದು ಕಾಯಿಲೆ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಕ್ರೋಮೆಗಲಿ ಎಂಬ ಈ ಕಾಯಿಲೆ ಹೀಗೇ ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತದೆ.

ಮಿದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಈ ಕಾಯಿಲೆ ಬಂದವರಿಗೆ ಅದರಲ್ಲಿ ಗಡ್ಡೆಯೊಂದು ಬೆಳೆದು, ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ. ಸಾಮಾನ್ಯವಾಗಿ ಅದು ಕ್ಯಾನ್ಸರ್ ಅಲ್ಲ. ಬೆಳವಣಿಗೆಯ ಹಾರ್ಮೋನು ಜಾಸ್ತಿಯಾದರೆ ಸ್ನಾಯುವಿಗೆ ಒಳ್ಳೆಯದೇ ಅಲ್ವಾ? ಅಲ್ಲ. ಸ್ನಾಯು ದಪ್ಪ ಕಾಣುತ್ತದೆ, ಆದರೆ ಮೈಯಲ್ಲಿ ಉಪ್ಪು ಮತ್ತು ನೀರು ನಿಂತು ಬರುವ ಊತವೂ ಆ ದಪ್ಪದಲ್ಲಿ ಸೇರಿರುತ್ತದೆ. ಒಳಗಿನ ಎಳೆಗಳು ಸಮನಾಗಿ ಬೆಳೆಯುವುದಿಲ್ಲ, ಕೆಲವು ಉಬ್ಬಿದರೆ ಕೆಲವು ಸೊರಗುತ್ತವೆ. ಇನ್ಸುಲಿನ್ನಿನ ಮಾತನ್ನು ಸ್ನಾಯು ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ರಕ್ತದಲ್ಲಿ ಸಕ್ಕರೆ ಇದ್ದರೂ ಅದು ಸ್ನಾಯುವಿನೊಳಗೆ ಬೇಕಾದಷ್ಟು ಸೇರುವುದಿಲ್ಲ. ಬಲ ಮೊದಲು ಕುಂದುವುದು ಸಾಮಾನ್ಯವಾಗಿ ಸೊಂಟ, ತೊಡೆ, ಭುಜಗಳಲ್ಲಿ. ಮೆಟ್ಟಿಲು ಹತ್ತಲು, ನೆಲದಿಂದ ಏಳಲು ಬೇಕಾಗುವ ಸ್ನಾಯುಗಳೇ ಇವು. ಕೀಲು ಸವೆದಿದ್ದರಂತೂ ಕಷ್ಟ ಇಮ್ಮಡಿ.

ಎಲುಬು ಬೆಳೆಯುವ ವಯಸ್ಸಿನಲ್ಲೇ ಈ ತೊಂದರೆ ಶುರುವಾದರೆ ಎತ್ತರವೂ ಮಿತಿಮೀರುತ್ತದೆ. ಅಮೆರಿಕದ ರಾಬರ್ಟ್ ವಾಡ್ಲೋ 272 ಸೆಂಟಿಮೀಟರ್ ಬೆಳೆದಿದ್ದ. ಅಷ್ಟು ದೊಡ್ಡ ಆಳು ನಡೆಯಲು ಕಾಲಿಗೆ ಲೋಹದ ಆಸರೆ ಕಟ್ಟಿಕೊಳ್ಳಬೇಕಿತ್ತು. ಆ ಆಸರೆ ಉಜ್ಜಿ ಆದ ಗಾಯಕ್ಕೆ ಸೋಂಕು ತಗುಲಿ 1940ರಲ್ಲಿ ತೀರಿಕೊಂಡ. ಆಗ ಅವನಿಗೆ 22 ವರ್ಷ.

ಮಂಗಳೂರಿನ ಜಿಮ್ಮಿಗೆ ಹೋಗುವ ಹುಡುಗರೇ, ಇದನ್ನು ದಯವಿಟ್ಟು ಕೇಳಿ. ಮೈಕಟ್ಟಿಗೆಂದು ಈ ಹಾರ್ಮೋನಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರಿದ್ದಾರೆ. ಆರೋಗ್ಯವಂತರ ಮೇಲೆ ನಡೆದ ಅಧ್ಯಯನಗಳಲ್ಲಿ ಕೊಬ್ಬಿಲ್ಲದ ತೂಕ ಏರಿತು, ಅದರಲ್ಲೂ ನೀರಿನ ಪಾಲು ದೊಡ್ಡದಿರಬಹುದು. ಬಲ ಹೆಚ್ಚಿದ್ದು ಕಾಣಲಿಲ್ಲ.

ಬೆಳವಣಿಗೆಯ ಹಾರ್ಮೋನು ಹೆಚ್ಚಿದರೆ ರಕ್ತದಲ್ಲಿ ಐಜಿಎಫ್-1 ಎಂಬ ಅಂಶವೂ ಏರುತ್ತದೆ. ಮಾವನಿಗೆ ಅದರ ಪರೀಕ್ಷೆ ಮಾಡಿಸಿದೆವು, ಜಾಸ್ತಿ ಬಂತು. ಆಮೇಲೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಿದರು. ಆರೋಗ್ಯವಂತರಲ್ಲಿ ಆಗ ಈ ಹಾರ್ಮೋನು ಇಳಿಯಬೇಕು, ಇವರಲ್ಲಿ ಇಳಿಯಲಿಲ್ಲ. ಮೂಗಿನ ದಾರಿಯಿಂದಲೇ ಹೋಗಿ ಗಡ್ಡೆ ತೆಗೆದರು. ಸ್ವಲ್ಪ ಉಳಿದದ್ದಕ್ಕೆ ಈಗ ನಾಲ್ಕು ವಾರಕ್ಕೊಂದು, ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್.

ಊತ ಇಳಿದು ಉಂಗುರ ಸಡಿಲವಾಗಿದೆ. ಕಾಯಿಲೆಯಿಂದ ಬೆಳೆದಿದ್ದ ದವಡೆಯ ಎಲುಬು ಮಾತ್ರ ಹಾಗೇ ಇದೆ. ಮೊನ್ನೆ ಪಂಕ್ತಿಯಿಂದ ಏಳುವಾಗಲೂ ಎಡಗೈ ಊರಿದರು, ಕಂಬ ಹಿಡಿಯಲಿಲ್ಲ.