ಎರಡೂ ಮುಳ್ಳು ಒಟ್ಟಿಗೆ ಸುಳ್ಳು ಹೇಳಿದರೆ

ಟ್ರಯಂಫ್ ಸ್ಪಿಟ್‌ಫೈರ್‌ನಂಥ ಹಳೆಯ ಬ್ರಿಟಿಷ್ ಕಾರು ಇಟ್ಟುಕೊಂಡವರಿಗೆ ಈ ತೊಂದರೆ ಹೊಸದಲ್ಲ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದ್ದರೂ ಮುಳ್ಳು ಮುಕ್ಕಾಲು ದಾಟಿರುತ್ತದೆ. ಟೆಂಪರೇಚರ್ ಮುಳ್ಳು ನೋಡಿದರೆ ಅದೂ ಮೇಲಕ್ಕೇರಿರುತ್ತದೆ. ಗಾಬರಿಯಾಗಿ ಥರ್ಮೋಸ್ಟಾಟ್ ಬದಲಿಸುತ್ತಾರೆ, ರೇಡಿಯೇಟರ್ ಬಿಚ್ಚಿ ತೊಳೆಸುತ್ತಾರೆ. ದುಡ್ಡು ಹೋಗುತ್ತದೆ, ಮುಳ್ಳು ಮಾತ್ರ ಇಳಿಯುವುದಿಲ್ಲ.

ಎಂಜಿನ್ನಿನ ಬಿಸಿಗೂ ಟ್ಯಾಂಕಿನ ಪೆಟ್ರೋಲಿಗೂ ನಂಟಿಲ್ಲ, ಅಲ್ವಾ? ಹಾಗಿದ್ದೂ ಎರಡು ಮುಳ್ಳೂ ಒಟ್ಟಿಗೆ ಹೆಚ್ಚು ತೋರಿಸುತ್ತಿವೆ ಎಂದರೆ ಮೊದಲು ಹುಡುಕಬೇಕಾದ್ದು ಅವೆರಡಕ್ಕೂ ಕರೆಂಟ್ ಕೊಡುವ ಜಾಗವನ್ನು.

ಈ ಮೀಟರುಗಳು ನಡೆಯುವುದು ಶಾಖದಿಂದ. ಒಳಗೆ ಎರಡು ಬೇರೆ ಬೇರೆ ಲೋಹ ಅಂಟಿಸಿದ ಸಣ್ಣ ಪಟ್ಟಿ ಇದೆ. ಅದರ ಸುತ್ತ ತೆಳುವಾದ ತಂತಿ ಸುತ್ತಿರುತ್ತಾರೆ. ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತದೆ. ಒಂದು ಲೋಹ ಇನ್ನೊಂದಕ್ಕಿಂತ ಜಾಸ್ತಿ ಹಿಗ್ಗುವುದರಿಂದ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಕೀ ತಿರುಗಿಸಿದ ಮೇಲೆ ಮುಳ್ಳು ಆರಾಮಾಗಿ, ಕೆಲವು ಸೆಕೆಂಡು ತೆಗೆದುಕೊಂಡು ಏರುವುದು ಇದಕ್ಕೇ. ಈ ನಿಧಾನವನ್ನು ಬೇಕೆಂದೇ ಇಟ್ಟಿದ್ದಾರೆ. ತಿರುವಿನಲ್ಲಿ ಪೆಟ್ರೋಲ್ ಅತ್ತಿತ್ತ ಹೊಯ್ದಾಡಿದರೂ ಮುಳ್ಳು ಕುಣಿಯುವುದಿಲ್ಲ.

ಆದರೆ ಇದರಲ್ಲಿ ಒಂದು ತೊಡಕಿದೆ. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ 12 ವೋಲ್ಟ್ ಚಿಲ್ಲರೆ ಇರುತ್ತದೆ. ಓಡುವಾಗ, ಚಾರ್ಜ್ ಆಗುತ್ತಿರುವಾಗ, ಅದು 14ರವರೆಗೂ ಹೋಗುತ್ತದೆ. ಪೆಟ್ರೋಲ್ ಅಷ್ಟೇ ಇದ್ದರೂ ವೋಲ್ಟೇಜ್ ಏರಿದರೆ ಮುಳ್ಳೂ ಏರಬೇಕಾಗುತ್ತದೆ. ಅದಕ್ಕೇ ಮೀಟರುಗಳಿಗೆ ಮೊದಲು ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಚಿಕ್ಕ ತಗಡಿನ ಡಬ್ಬಿ ಕೂರಿಸಿದರು. ಹಲವು ಕಾರುಗಳಲ್ಲಿ ಇದು ಸ್ಪೀಡೋಮೀಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ.

ಈ ಡಬ್ಬಿಯ ಜಾಣತನ ನನಗೆ ತುಂಬ ಇಷ್ಟ. ಇದರೊಳಗೂ ಅಂಥದ್ದೇ ಜೋಡಿ ಲೋಹದ ಪಟ್ಟಿ. ಇಸ್ತ್ರಿ ಪೆಟ್ಟಿಗೆ ಸಾಕಷ್ಟು ಕಾದ ಕೂಡಲೇ ತಾನೇ ಆಫ್ ಆಗಿ, ತಣಿದ ಮೇಲೆ ಮತ್ತೆ ಆನ್ ಆಗುವಂತೆ, ಈ ಪಟ್ಟಿಯೂ ಕಾದು ಬಾಗಿ ಕರೆಂಟ್ ಕಡಿಯುತ್ತದೆ, ತಣಿದು ಕೂಡಿಸುತ್ತದೆ. ವೋಲ್ಟೇಜ್ ಜಾಸ್ತಿಯಾದರೆ ಬೇಗ ಕಾಯುತ್ತದೆ, ಬೇಗ ಕಡಿಯುತ್ತದೆ. ಹೀಗೆ ಬಿಟ್ಟು ಬಿಟ್ಟು ಬರುವ ಕರೆಂಟ್ ಕೊಡುವ ಶಾಖ, 10 ವೋಲ್ಟ್ ಸತತವಾಗಿ ಕೊಟ್ಟಷ್ಟೇ ಇರುತ್ತದೆ. ಮುಳ್ಳು ನಿಧಾನದ್ದಾದ್ದರಿಂದ ನಡುನಡುವಿನ ಕಡಿತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಈಗ ಕೆಡುವ ಬಗೆ ನೋಡಿ. ಪಟ್ಟಿ ಕಾಯಬೇಕಾದರೆ ಡಬ್ಬಿಗೆ ಅರ್ಥ್, ಅಂದರೆ ಕಾರಿನ ಲೋಹದ ಬಾಡಿಯ ಸಂಪರ್ಕ, ಬೇಕು. ಅದು ಸಿಗುವುದು ಡಬ್ಬಿಯನ್ನು ಹಿಡಿದಿರುವ ಒಂದು ಸ್ಕ್ರೂನಿಂದ. ಐವತ್ತು ಅರವತ್ತು ವರ್ಷದ ತುಕ್ಕು, ಮೇಲೆ ಬಳಿದ ಬಣ್ಣ, ಸಡಿಲಾದ ಸ್ಕ್ರೂ, ಇಷ್ಟು ಸಾಕು ಅರ್ಥ್ ತಪ್ಪಲು. ಆಗ ಪಟ್ಟಿ ಕಾಯುವುದಿಲ್ಲ, ಕರೆಂಟ್ ಕಡಿಯುವುದಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರುಗಳಿಗೆ ನುಗ್ಗುತ್ತದೆ. ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 10ರ ಜಾಗದಲ್ಲಿ 14 ಬಂದರೆ ಶಾಖ ಹೆಚ್ಚುಕಡಿಮೆ ಎರಡು ಪಟ್ಟು! ಸ್ಕ್ರೂ ಬಿಚ್ಚಿ, ಅದು ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವಷ್ಟು ಉಜ್ಜಿ, ಮತ್ತೆ ಬಿಗಿದರೆ ಎಷ್ಟೋ ಕಾರುಗಳ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ.

ಡಬ್ಬಿಯಲ್ಲಿ 'ಬಿ' ಎಂದು ಗುರುತಿರುವ ಕಡೆ ಬ್ಯಾಟರಿಯಿಂದ ಕರೆಂಟ್ ಬರುತ್ತದೆ, 'ಐ' ಕಡೆಯಿಂದ ಮೀಟರುಗಳಿಗೆ ಹೋಗುತ್ತದೆ. 'ಐ'ಗೂ ಅರ್ಥ್‌ಗೂ ನಡುವೆ ಒಂದು ಟೆಸ್ಟ್ ಬಲ್ಬ್ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಮಿನುಗತೊಡಗಿದರೆ ಡಬ್ಬಿ ಜೀವಂತ. ಬಿಡದೆ ಉರಿದರೆ ಅರ್ಥ್ ಇಲ್ಲ, ಇಲ್ಲವೇ ಒಳಗಿನ ಪಟ್ಟಿ ಅಂಟಿಕೊಂಡಿದೆ. ಉರಿಯಲೇ ಇಲ್ಲವಾದರೆ ಮೊದಲು ಫ್ಯೂಸ್ ನೋಡಿ. ಡಿಜಿಟಲ್ ಮಲ್ಟಿಮೀಟರಿನಲ್ಲಿ ಅಂಕಿಗಳು ಸುಮ್ನೆ ಹಾರಾಡುತ್ತವೆ, ಇದಕ್ಕೆ ಬಲ್ಬೇ ಮೇಲು.

ಒಂದೇ ಮುಳ್ಳು ಕೆಟ್ಟಿದ್ದರೆ ದಾರಿ ಬೇರೆ. ಪೆಟ್ರೋಲ್ ಮುಳ್ಳಾದರೆ ಟ್ಯಾಂಕಿನ ಫ್ಲೋಟ್ ಯೂನಿಟ್ ಹತ್ತಿರ ಹೋಗಿ. ಪೆಟ್ರೋಲ್ ಮೇಲೆ ತೇಲುತ್ತ, ಅದರ ಮಟ್ಟಕ್ಕೆ ತಕ್ಕಂತೆ ಮೀಟರಿನ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಭಾಗ ಇದು. ಅಲ್ಲಿಗೆ ಬರುವುದು ಸಾಮಾನ್ಯವಾಗಿ ಕಪ್ಪು ಗೆರೆಯ ಹಸಿರು ವೈರ್. ಇಗ್ನಿಷನ್ ಆಫ್ ಮಾಡಿ ಅದನ್ನು ಕಳಚಿ, ಆಮೇಲೆ ಆನ್ ಮಾಡಿ. ಮುಳ್ಳು ಖಾಲಿಯ ಗುರುತಿನಲ್ಲೇ ಉಳಿಯಬೇಕು. ಮತ್ತೆ ಆಫ್ ಮಾಡಿ, ಆ ವೈರನ್ನು ಸುಮಾರು 30 ಓಮ್‌ನ ರೆಸಿಸ್ಟರ್ ಮೂಲಕ ಕಾರಿನ ಬಾಡಿಗೆ ಸೇರಿಸಿ ಆನ್ ಮಾಡಿದರೆ ಮುಳ್ಳು ಫುಲ್ ಹತ್ತಿರ ಬರಬೇಕು. ಬಂದರೆ ಮೀಟರೂ ವೈರೂ ಸರಿಯಾಗಿವೆ, ಟ್ಯಾಂಕಿನ ಯೂನಿಟ್ ಅಥವಾ ಅದರ ಅರ್ಥ್ ಕೆಟ್ಟಿದೆ. ಪೆಟ್ರೋಲ್ ಆವಿ ಇರುವ ಕಡೆ ಒಂದು ಕಿಡಿಯೂ ಹಾರಬಾರದು. ಆದ್ದರಿಂದ ಸೇರಿಸುವುದು, ಕಳಚುವುದು ಎಲ್ಲವನ್ನೂ ಕೀ ಆಫ್ ಇರುವಾಗಲೇ ಮಾಡಿ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಡಬ್ಬಿ ಪೂರ್ತಿ ಕೆಟ್ಟಿದ್ದರೆ ಹಳೆಯ ತಗಡಿನೊಳಗೇ 7810 ಎಂಬ, 10 ವೋಲ್ಟ್ ಸ್ಥಿರವಾಗಿ ಕೊಡುವ ಐಸಿ (ಎಲೆಕ್ಟ್ರಾನಿಕ್ ಚಿಪ್) ಕೂರಿಸುವವರಿದ್ದಾರೆ. ಹೊರಗಿನಿಂದ ನೋಡಿದರೆ ಕಾರು ಮೊದಲಿನಂತೆಯೇ ಇರುತ್ತದೆ, ನನಗೂ ಅದು ಒಪ್ಪಿಗೆ. ಆದರೆ 1960ರ ದಶಕದ ಹಲವು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರಿಸುತ್ತಿದ್ದುದು ಬ್ಯಾಟರಿಯ ಪ್ಲಸ್ ಅನ್ನು. ಹಳೆಯ ಪಟ್ಟಿಗೆ ಪ್ಲಸ್ ಮೈನಸ್ ಭೇದವಿರಲಿಲ್ಲ, 7810ಕ್ಕೆ ಇದೆ. ಅಂಥ ಕಾರಿಗೆ ಅದನ್ನು ಹಾಕಬಾರದು, ಪ್ಲಸ್ ಅರ್ಥ್‌ಗೆಂದೇ ಮಾಡಿದ ಯೂನಿಟ್ ತರಬೇಕು. ಕೊಳ್ಳುವ ಮೊದಲು ಬಾನೆಟ್ ಎತ್ತಿ, ಬ್ಯಾಟರಿಯ ಯಾವ ಕಡೆಯ ಕೇಬಲ್ ಬಾಡಿಗೆ ಹೋಗಿದೆ ಎಂದು ನೋಡಿಕೊಳ್ಳಿ.