ಮುಚ್ಚಿಟ್ಟದ್ದು ಏನನ್ನು? ಕೆನಡಿ ಹತ್ಯೆಯ ಸಂಚಿನ ಪುಸ್ತಕಗಳನ್ನು ಓದುವವರಿಗೆ ಅಧ್ಯಯನ ಟಿಪ್ಪಣಿ

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರನ್ನು 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಲೀ ಹಾರ್ವೆ ಆಸ್ವಾಲ್ಡ್ ಒಬ್ಬನೇ ಈ ಕೃತ್ಯವನ್ನು ಎಸಗಿದನೆಂದು, ಹತ್ಯೆಯ ತನಿಖೆಗಾಗಿ ಸರ್ಕಾರ ನೇಮಿಸಿದ್ದ ವಾರನ್ ಆಯೋಗ 1964ರ ಸೆಪ್ಟೆಂಬರ್‌ನಲ್ಲಿ 888 ಪುಟಗಳ ವರದಿ ಕೊಟ್ಟಿತು. ಆ ವರದಿಯನ್ನು ಅಲ್ಲಗಳೆದು, ಇದರ ಹಿಂದೆ ದೊಡ್ಡ ಸಂಚಿದೆ ಎಂದು ವಾದಿಸುವ ಪುಸ್ತಕಗಳು ಅಂದಿನಿಂದಲೂ ಬರುತ್ತಲೇ ಇವೆ. ವಿಮರ್ಶಾತ್ಮಕ ಓದನ್ನು ಅಭ್ಯಾಸ ಮಾಡುವವರಿಗೆ ಇವು ಬಹಳ ಒಳ್ಳೆಯ ಪಠ್ಯಗಳು. ಆಯೋಗದ ವಿಚಾರಣೆ ಮತ್ತು ಸಾಕ್ಷ್ಯಗಳ 26 ಸಂಪುಟಗಳು ಅಚ್ಚಾಗಿರುವುದರಿಂದ, ಪುಸ್ತಕದ ಮಾತನ್ನು ಮೂಲದ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಿದೆ. ಲೇಖಕರ ಹಿನ್ನೆಲೆ, ಪ್ರಕಾಶಕರ ಹೆಸರು, ಭಾಷೆಯ ಆವೇಶ ಇತ್ಯಾದಿಗಳನ್ನು ಗಮನಿಸುವ ಕ್ರಮ ಎಲ್ಲರಿಗೂ ತಿಳಿದದ್ದೇ ಆಗಿರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಚಿತ್ರ ಮತ್ತು ಅಂಕಿ

ಮೊದಲು ಪುಸ್ತಕದ ರೇಖಾಚಿತ್ರಗಳನ್ನು ಪರೀಕ್ಷಿಸಿ. ಒಂದೇ ಗುಂಡು ಕೆನಡಿ ಅವರ ದೇಹವನ್ನು ಹಾದು, ಅದೇ ಕಾರಿನಲ್ಲಿ ಮುಂದೆ ಕುಳಿತಿದ್ದ ಟೆಕ್ಸಸ್ ರಾಜ್ಯದ ಗವರ್ನರ್ ಕೊನಲಿ ಅವರನ್ನೂ ಗಾಯಗೊಳಿಸಿತೆಂದು ಆಯೋಗ ಹೇಳಿತು. ಆ ಗುಂಡು ಗಾಳಿಯಲ್ಲೇ ತಿರುವು ತೆಗೆದುಕೊಳ್ಳಬೇಕಾಗುತ್ತದೆ ಎಂದು ತೋರಿಸುವ ಚಿತ್ರಗಳಲ್ಲಿ ಕೊನಲಿ ಸಾಮಾನ್ಯವಾಗಿ ಕೆನಡಿ ಅವರ ನೇರ ಮುಂದೆ, ಅದೇ ಎತ್ತರದಲ್ಲಿ ಕುಳಿತಿರುತ್ತಾರೆ. ವಾಸ್ತವದಲ್ಲಿ ಕೆನಡಿ ಹಿಂದಿನ ಸೀಟಿನ ಬಲತುದಿಯಲ್ಲಿದ್ದರು. ಕೊನಲಿ ಇದ್ದದ್ದು ಅದಕ್ಕಿಂತ ತಗ್ಗಾದ, ಕಾರಿನ ಮಧ್ಯದ ಕಡೆಗೆ ಸರಿದಿದ್ದ ಮಡಿಚುವ ಸೀಟಿನಲ್ಲಿ. ಈ ಎರಡು ಸಂಗತಿಗಳನ್ನು ಸೇರಿಸಿ ಚಿತ್ರವನ್ನು ಮತ್ತೆ ಬರೆದರೆ, ಹಿಂದಿನಿಂದ, ಮೇಲಿನಿಂದ, ಬಲಗಡೆಯಿಂದ ಬಂದ ಗುಂಡಿಗೆ ತಿರುವಿನ ಅಗತ್ಯವೇ ಬೀಳುವುದಿಲ್ಲ. ವಾದದ ಬಲವೆಲ್ಲ ಇದ್ದದ್ದು ಚಿತ್ರ ಬರೆದವರು ಸೀಟನ್ನು ಇಟ್ಟ ಜಾಗದಲ್ಲಿ.

ಅಂಕಿಗಳನ್ನು ಓದುವಾಗ, ಆ ಅಂಕಿ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಬೇಕು. ಪ್ರಕರಣಕ್ಕೆ ಸಂಬಂಧಿಸಿದ ಸಾಕ್ಷಿಗಳು ಸಾಲಾಗಿ ಸತ್ತದ್ದು ಆಕಸ್ಮಿಕವಾಗಿರುವ ಸಂಭವ ಊಹೆಗೂ ನಿಲುಕದಷ್ಟು ಕಡಿಮೆ ಎಂಬ ಲೆಕ್ಕವನ್ನು ಲಂಡನ್ನಿನ ಸಂಡೇ ಟೈಮ್ಸ್ 1967ರಲ್ಲಿ ಪ್ರಕಟಿಸಿತು, ಅನೇಕ ಪುಸ್ತಕಗಳು ಅದನ್ನು ಎತ್ತಿಕೊಂಡವು. ಮುಂದೆ, 1970ರ ದಶಕದಲ್ಲಿ ಹತ್ಯೆಯನ್ನು ಮತ್ತೆ ತನಿಖೆ ಮಾಡಿದ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಿಸಿದಾಗ, ಅದು ತಮ್ಮ ತಪ್ಪೆಂದು ಪತ್ರಿಕೆಯವರೇ ತಿಳಿಸಿದರು. ದೇಶದ ಇಡೀ ಜನಸಂಖ್ಯೆಯಲ್ಲಿ ಹೆಸರಿಸಿದ ಹದಿನೈದು ಮಂದಿಯೇ ಅಲ್ಪಾವಧಿಯಲ್ಲಿ ಸಾಯುವ ಸಂಭವವೆಷ್ಟು ಎಂದು ಗಣಿತಜ್ಞರನ್ನು ಕೇಳಲಾಗಿತ್ತು. ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ಪ್ರಕರಣದೊಂದಿಗೆ ಹೇಗೋ ನಂಟಿದ್ದ ಅಷ್ಟೊಂದು ಜನರಲ್ಲಿ, ಕೆಲವು ವರ್ಷಗಳಲ್ಲಿ, ಯಾರಾದರೂ ಹದಿನೈದು ಮಂದಿ ಸಾಯುವ ಸಂಭವವೆಷ್ಟು? ಸತ್ತ ಮೇಲೆ ಹೆಸರು ಆರಿಸಿದರೆ ಎಂಥ ಸಾವೂ ಅಸಂಭವವಾಗಿಯೇ ಕಾಣುತ್ತದೆ.

ಕೊಡೆ ಹಿಡಿದ ಮನುಷ್ಯ

ಗುಂಡು ಹಾರಿದ ಸ್ಥಳದಲ್ಲಿ, ಬಿಸಿಲಿದ್ದ ಹೊತ್ತಿನಲ್ಲಿ, ಒಬ್ಬ ವ್ಯಕ್ತಿ ಕಪ್ಪು ಕೊಡೆಯನ್ನು ಬಿಚ್ಚಿ ಹಿಡಿದಿದ್ದ. ಛಾಯಾಚಿತ್ರಗಳಲ್ಲಿ ಅದು ಸ್ಪಷ್ಟವಾಗಿದೆ. ಅವನು ಕೊಲೆಗಾರರಿಗೆ ಸನ್ನೆ ಮಾಡುತ್ತಿದ್ದನೆಂದು ಕೆಲವರು ಬರೆದರು, ಕೊಡೆಯೊಳಗೆ ವಿಷದ ಬಾಣವಿತ್ತೆಂದು ಇನ್ನು ಕೆಲವರು ಬರೆದರು. 1978ರಲ್ಲಿ ಆ ವ್ಯಕ್ತಿಯೇ ಸಂಸತ್ತಿನ ಸಮಿತಿಯ ಮುಂದೆ ಬಂದು ಕಾರಣ ಹೇಳಿದ. ಕೆನಡಿ ಅವರ ತಂದೆ ಜೋಸೆಫ್ ಕೆನಡಿ ಬ್ರಿಟನ್ನಿನಲ್ಲಿ ರಾಯಭಾರಿಯಾಗಿದ್ದಾಗ, ಹಿಟ್ಲರನನ್ನು ಓಲೈಸುವ ಪ್ರಧಾನಿ ಚೇಂಬರ್ಲೇನ್ ಅವರ ನೀತಿಯನ್ನು ಬೆಂಬಲಿಸಿದ್ದರು. ಚೇಂಬರ್ಲೇನ್ ಎಂದರೆ ಕೊಡೆ ಎಂಬಷ್ಟು ಆ ಗುರುತು ಪ್ರಸಿದ್ಧವಾಗಿತ್ತು. ಮಗನನ್ನು ಚುಚ್ಚಲೆಂದು ಕೊಡೆಯನ್ನು ತಂದಿದ್ದೆ ಎಂಬುದು ಅವನ ಹೇಳಿಕೆ. ಈ ಕಾರಣವನ್ನು ಮೊದಲೇ ಯಾರೂ ಊಹಿಸಲಾಗುತ್ತಿರಲಿಲ್ಲ. ‘ಇದಕ್ಕೆ ಬೇರೆ ವಿವರಣೆಯೇ ಸಾಧ್ಯವಿಲ್ಲ’ ಎಂಬ ವಾಕ್ಯ ಪುಸ್ತಕದಲ್ಲಿ ಬಂದಲ್ಲೆಲ್ಲ ನಾನು ಅಂಚಿನಲ್ಲಿ ‘ಕೊಡೆ’ ಎಂದು ಬರೆದುಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ ನೋಡಿ.

ಮುಚ್ಚಿಟ್ಟರು, ಸರಿ, ಆದರೆ ಏನನ್ನು?

ನನಗೆ ಅತ್ಯಂತ ಕಷ್ಟವಾದ ಹಂತ ಇದು, ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ. ಮೇಲಿನ ಉದಾಹರಣೆಗಳಲ್ಲಿ ಪುಸ್ತಕಗಳು ತಪ್ಪಾಗಿದ್ದವು. ಇಲ್ಲಿ ಅವು ಹೇಳುವ ಸಂಗತಿಗಳು ನಿಜ. ಕ್ಯೂಬಾದ ನಾಯಕ ಕ್ಯಾಸ್ಟ್ರೊ ಅವರನ್ನು ಕೊಲ್ಲಲು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಯೋಜನೆಗಳನ್ನು ಹೂಡಿತ್ತು. ಆ ಸಂಸ್ಥೆಯ ಮಾಜಿ ಮುಖ್ಯಸ್ಥ ಅಲೆನ್ ಡಲ್ಲೆಸ್ ವಾರನ್ ಆಯೋಗದ ಸದಸ್ಯರೇ ಆಗಿದ್ದರೂ ಆಯೋಗಕ್ಕೆ ಆ ವಿಷಯ ತಿಳಿಸಲಿಲ್ಲ. 1975ರಲ್ಲಿ ಸೆನೆಟ್ಟಿನ ಚರ್ಚ್ ಸಮಿತಿ ಅದನ್ನು ಬಯಲಿಗೆಳೆಯಿತು. ಹತ್ಯೆಗೆ ಕೆಲ ದಿನಗಳ ಮೊದಲು ಆಸ್ವಾಲ್ಡ್, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ಡಲ್ಲಾಸ್ ಕಚೇರಿಗೆ ಹೋಗಿ ಒಂದು ಚೀಟಿ ಕೊಟ್ಟಿದ್ದ. ಅವನು ಸತ್ತ ಮೇಲೆ ಒಬ್ಬ ಏಜೆಂಟ್ ಆ ಚೀಟಿಯನ್ನು ನಾಶಮಾಡಿದರು. ಮೇಲಧಿಕಾರಿಯ ಸೂಚನೆಯಂತೆ ಹಾಗೆ ಮಾಡಿದೆನೆಂದು ಅವರು ಹೇಳಿದ್ದೂ 1975ರಲ್ಲಿಯೇ. ಇವನ್ನು ಓದಿದಾಗ ಸಿಟ್ಟು ಬರುವುದು ಸಹಜ, ಬರಬೇಕಾದದ್ದೂ ಹೌದು. ಆ ಸಿಟ್ಟಿನಲ್ಲೇ ಓದುಗರು ಪುಸ್ತಕದ ಮುಂದಿನ ಹೆಜ್ಜೆಯನ್ನೂ ಒಪ್ಪಿಬಿಡುತ್ತಾರೆ: ಮುಚ್ಚಿಟ್ಟವರೇ ಕೊಂದವರು.

ಇಲ್ಲಿ ಎರಡು ಊಹೆಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಮೊದಲನೆಯದು, ಆಸ್ವಾಲ್ಡ್ ಒಬ್ಬನೇ ಕೊಂದ, ಸಂಸ್ಥೆಗಳು ತಮ್ಮ ಬೇರೆ ತಪ್ಪುಗಳು ಹೊರಬೀಳುವುದೆಂದು ಹೆದರಿದವು. ಎರಡನೆಯದು, ಸಂಸ್ಥೆಗಳೇ ಕೊಲ್ಲಿಸಿದವು. ಈಗ ಚೀಟಿಯ ನಾಶವನ್ನು ತೆಗೆದುಕೊಳ್ಳಿ. ಮೊದಲ ಊಹೆ ನಿಜವಾಗಿದ್ದರೆ ಇದು ನಿರೀಕ್ಷಿತವೇ? ಖಂಡಿತ ಹೌದು. ಅಧ್ಯಕ್ಷರನ್ನು ಕೊಂದವನು ಮೊದಲೇ ತಮ್ಮ ಕಚೇರಿಗೆ ಬಂದು ಹೋಗಿದ್ದ, ತಾವು ಎಚ್ಚೆತ್ತುಕೊಳ್ಳಲಿಲ್ಲ ಎಂಬುದು ಎಫ್‌ಬಿಐಗೆ ಭಾರಿ ಮುಖಭಂಗ. ಎರಡನೆಯ ಊಹೆ ನಿಜವಾಗಿದ್ದರೆ? ಆಗಲೂ ನಿರೀಕ್ಷಿತವೇ. ಎರಡೂ ಊಹೆಗಳಲ್ಲಿ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ನಿರೀಕ್ಷಿತವಾದ ಸಂಗತಿ ಯಾವ ಊಹೆಯ ಕಡೆಗೂ ತಕ್ಕಡಿಯನ್ನು ವಾಲಿಸುವುದಿಲ್ಲ. ಕ್ಯಾಸ್ಟ್ರೊ ಯೋಜನೆಗಳನ್ನೂ ಇದೇ ರೀತಿ ಪರೀಕ್ಷಿಸಿ. ವಿದೇಶಿ ನಾಯಕನೊಬ್ಬನನ್ನು ಕೊಲ್ಲಿಸಲು ಹೊರಟ ಸಂಸ್ಥೆ, ಕೆನಡಿ ಹತ್ಯೆಯಲ್ಲಿ ಅದರ ಪಾತ್ರವಿರಲಿ ಇಲ್ಲದಿರಲಿ, ಆ ಯೋಜನೆಯನ್ನು ಮುಚ್ಚಿಡುತ್ತದೆ.

ಹಾಗಿದ್ದರೆ ತಕ್ಕಡಿಯನ್ನು ವಾಲಿಸುವುದು ಯಾವುದು? ಒಂದು ಊಹೆಯಲ್ಲಿ ನಿರೀಕ್ಷಿತವಾಗಿದ್ದು, ಇನ್ನೊಂದರಲ್ಲಿ ಬಹಳ ಅಪರೂಪವಾದದ್ದು. ಎರಡನೆಯ ಬಂದೂಕಿನ ಗುಂಡು ಸಿಕ್ಕಿದ್ದರೆ ಅದು ಅಂಥ ಸಾಕ್ಷ್ಯವಾಗುತ್ತಿತ್ತು. ಸಿಕ್ಕಿರುವುದು ಆಸ್ಪತ್ರೆಯಲ್ಲಿ ದೊರೆತ ಒಂದು ಗುಂಡು ಮತ್ತು ಕಾರಿನೊಳಗಿನ ಎರಡು ದೊಡ್ಡ ಚೂರುಗಳು. ಆಯೋಗದ ಪರಿಣತರೂ, 1970ರ ದಶಕದ ಸಂಸತ್ತಿನ ಸಮಿತಿಯ ಪರಿಣತರೂ ಅವು ಆಸ್ವಾಲ್ಡನ ಬಂದೂಕಿನಿಂದ ಹಾರಿದವು ಎಂದರು. ಆ ಗುಂಡನ್ನೇ ತಂದು ಇಟ್ಟರು ಎಂದು ಪುಸ್ತಕ ವಾದಿಸಬಹುದು. ಆಗ ಪುಸ್ತಕದ ಲೇಖಕರನ್ನು ಕೇಳಬೇಕಾದದ್ದು ಇಷ್ಟೇ: ಯಾವ ಸಾಕ್ಷ್ಯ ಸಿಕ್ಕಿದರೆ ನಿಮ್ಮ ವಾದ ತಪ್ಪೆಂದು ಒಪ್ಪುತ್ತೀರಿ? ಅನುಕೂಲವಾದ ಸಾಕ್ಷ್ಯ ಸಂಚನ್ನು ತೋರಿಸುತ್ತದೆ, ಪ್ರತಿಕೂಲವಾದದ್ದು ಸಂಚುಗಾರರ ಜಾಣ್ಮೆಯನ್ನು ತೋರಿಸುತ್ತದೆ ಎಂದಾದರೆ, ಆ ವಾದವನ್ನು ಪರೀಕ್ಷಿಸಲು ದಾರಿಯೇ ಉಳಿಯುವುದಿಲ್ಲ.

ವಿಮರ್ಶೆ ಬರೆಯುವಾಗ, ಮುಚ್ಚಿಟ್ಟದ್ದು ನಿಜವೆಂಬ ಭಾಗವನ್ನು ಸ್ಪಷ್ಟವಾಗಿ ಒಪ್ಪಿಕೊಂಡೇ ಮುಂದೆ ಹೋಗಬೇಕು. ಅದನ್ನು ನುಂಗಿಕೊಂಡ ವಿಮರ್ಶಕರು ತಾವೂ ಮುಚ್ಚಿಡುವವರ ಸಾಲಿಗೆ ಸೇರುತ್ತಾರೆ.

ಉಲ್ಲೇಖ ನಿಂತ ವರ್ಷ

ಒಂದು ಸಣ್ಣ ಆದರೆ ಉಪಯುಕ್ತ ಪರೀಕ್ಷೆ. ಹತ್ಯೆ ಬಹುಶಃ ಸಂಚಿನ ಫಲವೆಂದು ಸಂಸತ್ತಿನ ಸಮಿತಿಯೇ 1979ರಲ್ಲಿ ಹೇಳಿತು ಎಂಬ ಉಲ್ಲೇಖ ಪುಸ್ತಕಗಳಲ್ಲಿ ಬರುತ್ತದೆ, ಅದು ಸರಿಯಾದ ಉಲ್ಲೇಖವೇ. ಆ ತೀರ್ಮಾನಕ್ಕೆ ಮುಖ್ಯ ಆಧಾರ ಪೊಲೀಸ್ ರೇಡಿಯೊದ ಧ್ವನಿಮುದ್ರಣ, ಅದರಲ್ಲಿ ಆಸ್ವಾಲ್ಡನ ಮೂರು ಗುಂಡುಗಳಲ್ಲದೆ ಇನ್ನೊಬ್ಬ ಹಾರಿಸಿದ ನಾಲ್ಕನೆಯ ಗುಂಡಿನ ಸದ್ದು ಇದೆಯೆಂಬ ವಿಶ್ಲೇಷಣೆ. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಂಡ ಅದೇ ಮುದ್ರಣವನ್ನು ಪರೀಕ್ಷಿಸಿ, ಗುಂಡಿನದೆಂದು ಗುರುತಿಸಿದ ಸದ್ದುಗಳು ಹತ್ಯೆಯಾಗಿ ಸುಮಾರು ಒಂದು ನಿಮಿಷದ ಬಳಿಕ ದಾಖಲಾದವು ಎಂದಿತು. ಸದ್ದಿನ ಅದೇ ಜಾಗದಲ್ಲಿ ಇನ್ನೊಂದು ಚಾನೆಲ್‌ನಿಂದ ತೂರಿಬಂದ ಶೆರಿಫರ ಮಾತು ಕೇಳಿಸುತ್ತದೆ, ಅವರು ಮಾತಾಡಿದ್ದು ಹತ್ಯೆಯ ನಂತರ. ಇದರ ಮೇಲೆ ಆಮೇಲೂ ವಾದಗಳು ನಡೆದಿವೆ. 1979ನ್ನು ಮಾತ್ರ ಹೇಳುವ ಪುಸ್ತಕ 1981ರಲ್ಲಿ ಅಚ್ಚಾಗಿದ್ದರೆ ಲೇಖಕರನ್ನು ದೂರುವಂತಿಲ್ಲ. 1990ರಲ್ಲಿ ಅಚ್ಚಾಗಿದ್ದರೆ, ಪುಟದ ಸಂಖ್ಯೆಯೊಂದಿಗೆ ವಿಮರ್ಶೆಯಲ್ಲಿ ದಾಖಲಿಸಬೇಕಾದ ಲೋಪ.